ಬಟ್ಟಲ ಮನೆಯ ಅಡಿವೆಪ್ಪ

ನಿಮ್ಮ ಮುತ್ತಜ್ಜಿಯ ಕಾಲಕ್ಕೇ ಹಳೆಯದಾಗಿದ್ದ ಕತೆ ಇದು. ಜೇನಗುಡ್ಡದ ಬುಡದಲ್ಲಿ ಅತ್ತಿಹಾಳ ಅಂತ ಒಂದು ಊರು, ಆ ಊರಲ್ಲಿ ಅಡಿವೆಪ್ಪ ಅಂತ ಒಬ್ಬನಿದ್ದನಂತೆ. ಸತ್ತ ಎಲೆ ಸಾಕಿದವನು ಅಂತ ಜನ ಅವನನ್ನು ಕರೆಯುತ್ತಿದ್ದರಂತೆ. ಎಮ್ಮೆ ಸಾಕಿದವರಿದ್ದಾರೆ, ನಾಯಿ ಸಾಕಿದವರಿದ್ದಾರೆ, ಪಕ್ಕದ ಮನೆಯವರ ಮೇಲೆ ಸಿಟ್ಟು ಸಾಕಿಕೊಂಡು ಇಡೀ ಜನ್ಮ ಕಳೆದವರನ್ನೂ ನಾವು ಕಂಡಿದ್ದೇವೆ. ಎಲೆ ಸಾಕಿದವನು ಇವನೊಬ್ಬನೇ.

ಜೇನಗುಡ್ಡ ದೊಡ್ಡದೇನಲ್ಲ. ಮಳೆ ಬಿದ್ದರೆ ನಾಲ್ಕು ತಿಂಗಳು ಹಸಿರು, ಆಮೇಲೆ ಬರೀ ಕಲ್ಲು, ಒಣ ಹುಲ್ಲು. ಆದರೂ ಅಲ್ಲಿ ಸಿಗದ ಸೊಪ್ಪಿಲ್ಲ, ಬೇರಿಲ್ಲ ಅಂತಾರೆ. ಆ ಸೊಪ್ಪು ಬೇರು ನಂಬಿಕೊಂಡೇ ಅಡಿವೆಪ್ಪನ ತಾಯಿ ಫಕೀರವ್ವ ಔಷಧಿ ಕೊಡುತ್ತಿದ್ದಳು. ಅವಳ ಮನೆಗೆ ಬಟ್ಟಲ ಮನೆ ಅಂತಲೇ ಹೆಸರು. ಸುತ್ತಲಿನ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಹೊರಸಿನ ಮೇಲೆ ಮಲಗಿ ಬಂದವರು ನಡೆದು ಹೋಗುತ್ತಿದ್ದರಂತೆ. ನಡೆದು ಬಂದವರು ಓಡಿ ಹೋಗುತ್ತಿದ್ದರು ಅಂತಲೂ ಹೇಳುತ್ತಾರೆ, ಅದನ್ನು ನೀವು ನಂಬದಿದ್ದರೂ ನಡೆದೀತು.

ಆ ಮನೆಗೆ ಎರಡು ಕಟ್ಟಳೆ ಇದ್ದವು. ಬಟ್ಟಲಲ್ಲಿ ಏನಿದೆ ಅಂತ ಯಾರೂ ಕೇಳಬಾರದು, ಯಾರೂ ಹೇಳಬಾರದು. ಕೇಳಿದರೆ ಔಷಧಿ ನಾಟುವುದಿಲ್ಲ, ಹೇಳಿದರೆ ಔಷಧಿ ಕೊಟ್ಟ ಕೈಯ ಗುಣ ಹೋಗುತ್ತದೆ. ಇದು ಒಂದು. ಇನ್ನೊಂದು ಏನೆಂದರೆ, ಕಷಾಯ ಕುದಿಸಿದವರು ಮೊದಲ ಪಾಲನ್ನು ತಾವೇ ಕುಡಿಯಬೇಕು. ಕುಡಿದು ಗೋಡೆಗೆ ಒರಗಿ ಕೂಡಬೇಕು. ಬಾಗಿಲಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ತನಕ ಕೂತು, ತಮಗೇನೂ ಆಗಲಿಲ್ಲ ಅಂದ ಮೇಲೆ ರೋಗಿಗೆ ಕೊಡಬೇಕು. ಫಕೀರವ್ವ ಜನ್ಮವಿಡೀ ಊರವರ ರೋಗಕ್ಕೆ ತಾನು ಔಷಧಿ ಕುಡಿದಳು ಅಂತ ಜನ ನಗುತ್ತಲೂ ಹೇಳುತ್ತಿದ್ದರು, ಕೈಮುಗಿದೂ ಹೇಳುತ್ತಿದ್ದರು.

ಅಂಥ ಫಕೀರವ್ವನಿಗೆ ಒಂದು ಮಳೆಗಾಲದಲ್ಲಿ ಲಕ್ವ ಹೊಡೆಯಿತು. ಮಾತು ನಿಂತುಹೋಯಿತು. ಕಣ್ಣು ಮಾತ್ರ ಗುಡ್ಡದ ಕಡೆಗೇ ನೋಡುತ್ತಿತ್ತಂತೆ. ಯಾವುದೋ ಸೊಪ್ಪು ಬೇಕು ಅಂತ ಎಲ್ಲರಿಗೂ ತಿಳಿಯಿತು, ಯಾವುದು ಅಂತ ಯಾರಿಗೂ ತಿಳಿಯಲಿಲ್ಲ. ಆಗ ಅಡಿವೆಪ್ಪ ಮೀಸೆ ಬಂದ ಗಂಡಸು. ಗುಡ್ಡಕ್ಕೆ ಓಡಿದ, ಕೈಗೆ ಸಿಕ್ಕದ್ದನ್ನೆಲ್ಲ ಕಿತ್ತು ತಂದ. ತಾಯಿಯ ಕಣ್ಣ ಮುಂದೆ ಒಂದೊಂದನ್ನೇ ಹಿಡಿದ. ಅವಳು ಒಂದೊಂದಕ್ಕೂ ಅಲ್ಲ ಅಲ್ಲ ಅಂತ ಕಣ್ಣು ಮುಚ್ಚಿದಳು. ಮತ್ತೆ ಓಡಿದ, ಮತ್ತೆ ತಂದ. ಆಮೇಲೆ ಒಂದು ಸಲ ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಕೈಯಲ್ಲಿ ಹಿಡಿದ ಸೊಪ್ಪು ಅವಳಿಗೆ ಬೇಕಾದದ್ದೋ, ಬೇಡವಾದದ್ದೋ, ಅದೂ ಗೊತ್ತಾಗಲಿಲ್ಲ. ಅಡಿವೆಪ್ಪ ದಂಗುಬಡಿದು ನಿಂತವನು ಹೆಣ ಎತ್ತುವವರೆಗೂ ಆ ಸೊಪ್ಪನ್ನು ಕೆಳಗೆ ಹಾಕಲಿಲ್ಲವಂತೆ. ಊರಿಗೆಲ್ಲ ಔಷಧಿ ಕೊಟ್ಟವಳು ತನ್ನ ಔಷಧಿಯ ಹೆಸರು ಹೇಳಲಾಗದೆ ಸತ್ತಳಲ್ಲ ಅನ್ನುವುದು ಅವನ ಎದೆಯಲ್ಲಿ ಕೂತುಬಿಟ್ಟಿತು.

ಅದಾದ ಮೇಲೆ ಒಬ್ಬ ಮುದುಕ ಪಂಡಿತ ಆ ದಾರಿಯಲ್ಲಿ ಬಂದನಂತೆ. ಬೆನ್ನಿಗೆ ತಗಡಿನ ಪೆಟ್ಟಿಗೆ, ಬಗಲಲ್ಲಿ ಕಾಗದದ ಕಟ್ಟು. ದೂರದ ಪಟ್ಟಣದಲ್ಲಿ ಒಂದು ದೊಡ್ಡ ಮನೆ ಇದೆ, ಅಲ್ಲಿ ದೇಶದೇಶದ ಗಿಡಗಳನ್ನು ಒಣಗಿಸಿ, ಕಾಗದಕ್ಕೆ ಅಂಟಿಸಿ, ಹೆಸರು ಬರೆದು ಕಪಾಟಿನಲ್ಲಿ ಇಟ್ಟಿದ್ದಾರೆ ಅಂತ ಅವನು ಹೇಳಿದ. ಓದಿದವರು ಅದಕ್ಕೆ ಹರ್ಬೇರಿಯಂ ಅನ್ನುತ್ತಾರೆ. ಹೆಸರು ಬರೆದು ಅನ್ನುವ ಒಂದು ಮಾತಿಗೆ ಅಡಿವೆಪ್ಪನ ಕಿವಿ ನಿಮಿರಿತು. ಅವನು ಪಂಡಿತನ ಹಿಂದೆ ಹೊರಟುಹೋದ. ಎಷ್ಟೋ ವರ್ಷ ಅಲ್ಲೇ ಓದಿದ, ಗಿಡ ಕೂಡಿಸಿದ, ದೊಡ್ಡವರಿಂದ ಶಹಬ್ಬಾಸ್ ಅನ್ನಿಸಿಕೊಂಡ. ಅಲ್ಲೇ ಇದ್ದಿದ್ದರೆ ಕುರ್ಚಿ ಸಿಗುತ್ತಿತ್ತಂತೆ. ಬೇಡ ಅಂದು ಊರಿಗೆ ಬಂದ. ಜೇನಗುಡ್ಡದ ಒಂದು ಹುಲ್ಲೂ ಹೆಸರಿಲ್ಲದೆ ಉಳಿಯಬಾರದು ಅನ್ನುವುದು ಅವನ ಹಟ.

ಊರಿಗೆ ಬಂದ ಮೇಲೆ ಅವನು ಮಾಡಿದ್ದನ್ನು ನೋಡಿ ಜನ ಬಾಯಿ ಮೇಲೆ ಕೈ ಇಟ್ಟುಕೊಂಡರು. ಗಿಡವನ್ನು ಬೇರು ಸಮೇತ ಕಿತ್ತು, ಕಾಗದದ ನಡುವೆ ಮಲಗಿಸಿ, ಹಲಗೆ ಹಾಕಿ, ಮೇಲೆ ತಾಯಿಯ ಬೀಸುಕಲ್ಲನ್ನು ಹೇರಿದ. ಔಷಧಿಯ ಗಿಡವನ್ನು ಕಲ್ಲಿನ ಕೆಳಗೆ ಹಾಕಿ ಸಾಯಿಸುತ್ತಾನೆ ಅಂತ ಮುದುಕಿಯರು ಶಾಪ ಹಾಕಿದರು. ಅದಕ್ಕಿಂತ ಹೆಚ್ಚಿನದು ಮುಂದಿತ್ತು. ಅವನು ಸಂತೆಯ ದಿನ ಕಟ್ಟೆ ಮೇಲೆ ನಿಂತು, ಇದು ಇಂಥ ಸೊಪ್ಪು, ಇದು ಇಂಥ ನೋವಿಗೆ ಬರುತ್ತದೆ, ಇದಕ್ಕೆ ನಮ್ಮ ಕಡೆ ಹೀಗೆ ಅನ್ನುತ್ತಾರೆ, ಹೊರಗಿನವರು ಹಾಗೆ ಅನ್ನುತ್ತಾರೆ ಅಂತ ಒಂದೊಂದನ್ನೂ ಎತ್ತಿ ಹಿಡಿದು ಕೂಗಿ ಹೇಳಿದನಂತೆ. ಬಟ್ಟಲ ಮನೆಯ ಮಗ ಬಟ್ಟಲ ಗುಟ್ಟನ್ನು ಸಂತೆಗೆ ಇಟ್ಟ ಅಂತ ಊರು ಗಾಬರಿಯಾಯಿತು. ಕೆಲವರು ಅವನು ಎದುರು ಬಂದರೆ ಬಾಗಿಲು ಹಾಕಿಕೊಂಡರು.

ಅವನಿಗೆ ಜೊತೆಯಾದವಳು ಅಕ್ಕ ಹೊಳೆವ್ವ ಒಬ್ಬಳೇ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಹಳೆ ಸೀರೆ ಹಳೆ ಧೋತರ ಹಚ್ಚಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಂಟು ಹಾಕಿದರೆ ಹುಳ ಬರುತ್ತದೆ ಅಂತ ತಮ್ಮ ಪೇಚಾಡುವುದನ್ನು ಕಂಡು ಒಂದು ದಿನ ಅವಳು ಸೂಜಿ ತಂದು ಕೂತಳಂತೆ. ಗಿಡದ ದಂಟನ್ನು, ಟೊಂಗೆಯನ್ನು, ಹೂವಿನ ತೊಟ್ಟನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಕಾಗದಕ್ಕೆ ಕೂಡಿಸಿದಳು. ಎಲೆ ಒಂದೂ ಮುರಿಯಲಿಲ್ಲ. ಆವತ್ತಿನಿಂದ ಗಿಡ ತರುವುದು ತಮ್ಮ, ಹೊಲಿಯುವುದು ಅಕ್ಕ. ಊರವರು ಮಾತಾಡಿಸದಿದ್ದರೂ ಆ ಮನೆಯಲ್ಲಿ ಇಬ್ಬರೂ ದಿನವಿಡೀ ಮಾತಾಡುತ್ತಲೇ ಇರುತ್ತಿದ್ದರಂತೆ, ಅದೂ ಬರೀ ಜಗಳ.

'ಕೌದಿಗೆ ಇಷ್ಟ ಹೊಲಿಗಿ ಹಾಕಿದ್ರ ಮಂದಿ ಹೊಚಗೊಂಡ ಮಲಗತಿದ್ರು. ನಿನ್ನ ಕಸಾ ಯಾರ ಹೊಚಗೋತಾರೋ?' ಅಂತ ಅವಳು ಅನ್ನುತ್ತಿದ್ದಳು.

'ಕಸಾ ಅನಬ್ಯಾಡಕ್ಕ' ಅಂತ ಅವನು ಅನ್ನುತ್ತಿದ್ದ. ಇಷ್ಟೇ ಮಾತು, ಇದನ್ನೇ ವರ್ಷಗಟ್ಟಲೆ ಆಡಿದರು.

ಕಪಾಟು ತುಂಬಿತು. ಬೇವಿನ ಹಲಗೆಯ ದೊಡ್ಡ ಕಪಾಟು. ಊರಿನ ಸಿಟ್ಟೂ ಮೆಲ್ಲಗೆ ಇಳಿಯಿತು. ದೂರದಿಂದ ಕನ್ನಡಕದ ಪಂಡಿತರು ಎತ್ತಿನ ಗಾಡಿಯಲ್ಲಿ ಬಂದು ಆ ಕಪಾಟಿನ ಮುಂದೆ ಚಪ್ಪಲಿ ಬಿಟ್ಟು ಕೂತದ್ದನ್ನು ನೋಡಿದ ಮೇಲೆ ಗೌಡರ ಮನೆಯವರಿಗೂ, ಇದರಲ್ಲಿ ಏನೋ ಇರಬೇಕು ಅನ್ನಿಸಿತಂತೆ. ಅಡಿವೆಪ್ಪ ಕಣ್ಣು ಕಟ್ಟಿಕೊಂಡು ಎಲೆ ಮುಟ್ಟಿ ಗಿಡದ ಹೆಸರು ಹೇಳುತ್ತಿದ್ದ ಅಂತಾರೆ. ಮೊದಲ ಮಳೆ ಬಿದ್ದ ದಿನ ಕಪಾಟಿನೊಳಗಿನ ಎಲೆಗಳು ಮಗ್ಗಲು ಬದಲಿಸುವ ಸಪ್ಪಳ ಬೀದಿಗೆ ಕೇಳುತ್ತಿತ್ತು ಅಂತಲೂ ಅಂತಾರೆ. ಸಪ್ಪಳ ಕೇಳಿದ್ದು ನಿಜವಿರಬೇಕು. ಆದರೆ ಅದು ಎಲೆಯದ್ದಲ್ಲ, ಹುಳದ್ದು.

ಒಂದು ಮಳೆಗಾಲ ಕಳೆದು ಕಪಾಟು ತೆರೆದರೆ ಒಂದು ಇಡೀ ಕಟ್ಟು ಪುಡಿಯಾಗಿತ್ತು. ಕಾಗದದ ಮೇಲೆ ಹೊಲಿಗೆ ಇತ್ತು, ಹೊಲಿಗೆಯೊಳಗೆ ಗಿಡ ಇರಲಿಲ್ಲ.  ಆ ಕಟ್ಟಿನಲ್ಲಿದ್ದ ಎಷ್ಟೋ ಗಿಡಗಳು ಮತ್ತೆ ಅವನ ಕಣ್ಣಿಗೆ ಬೀಳಲೇ ಇಲ್ಲವಂತೆ. ಅವನು ಪಟ್ಟಣಕ್ಕೆ ಹೋಗಿ, ಪಾದರಸದಿಂದ ಮಾಡಿದ ಬಿಳಿ ಪುಡಿ ತಂದ. ಅದು ಘೋರ ವಿಷ. ದೊಡ್ಡ ಹರ್ಬೇರಿಯಂಗಳಲ್ಲೆಲ್ಲ ಅದನ್ನೇ ಬಳಸುತ್ತಿದ್ದರು. ಹಿತ್ತಲಿನ ಖಾಲಿ ದನದ ಕೊಟ್ಟಿಗೆಯಲ್ಲಿ, ಮಣ್ಣಿನ ಕುಡಿಕೆಯಲ್ಲಿ, ಪುಡಿಯನ್ನು ಸಾರಾಯಿಗೆ ಹಾಕಿ ಕರಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಕ್ಕ ಹೊಲಿದು ಮುಗಿಸಿದ ಹಾಳೆಗಳ ಮೇಲೆಲ್ಲ ಕುಂಚದಿಂದ ಬಳಿದ. ಎಲೆಗೂ ಬಳಿದ, ದಂಟಿಗೂ ಬಳಿದ. ಹುಳ ಸತ್ತವು. ವರ್ಷಕ್ಕೊಮ್ಮೆ ಹಾಗೆ ಬಳಿಯುವುದು ರೂಢಿಯಾಯಿತು. ಅವನ ಹಲ್ಲುಗಳು ನಡುವಯಸ್ಸಿಗೇ ಅಲುಗಾಡಿ ಉದುರಿದವು. ಎಲೆ ಕಡಿದು ಕಡಿದು ಹಲ್ಲು ಹೋದವು ಅಂತ ಜನ ತಮಾಷೆ ಮಾಡಿದರು.

ಈಗ ಕೇಳಿ. ಗುಡ್ಡದ ಗುಟ್ಟನ್ನೆಲ್ಲ ಸಂತೆಯಲ್ಲಿ ಕೂಗಿದ ಅಡಿವೆಪ್ಪ, ಕುಡಿಕೆಯಲ್ಲಿ ಏನಿದೆ ಅಂತ ಮನೆಯ ಅಕ್ಕನಿಗೆ ಹೇಳಲಿಲ್ಲ. ಹೇಳಬಾರದು ಅಂತಲ್ಲ. ಅವನಿಗೆ ಅದು ಹೊಳೆಯಲೇ ಇಲ್ಲ. ಆ ಮನೆಯಲ್ಲಿ ಹುಟ್ಟಿದವನು ಅವನು. ಕುಡಿಕೆ, ಬಟ್ಟಲು, ಗಡಿಗೆ ಇವುಗಳಲ್ಲಿ ಏನಿದೆ ಅಂತ ಆ ಮನೆಯಲ್ಲಿ ಯಾರ ಬಾಯಿಂದಲೂ ಯಾವತ್ತೂ ಬಂದದ್ದಿಲ್ಲ. 'ಅಕ್ಕಾ, ಆ ಕುಡಿಕಿ ಮುಟ್ಟಬ್ಯಾಡ' ಅಂತ ಒಂದು ಮಾತು ಅಂದಿದ್ದ, ಅಷ್ಟೇ. ಹೊಳೆವ್ವ ಮುಟ್ಟಲಿಲ್ಲ. ಅಡುಗೆ ಮನೆಯ ಬಾಗಿಲಲ್ಲಿ ನಿಂತು ವರ್ಷ ವರ್ಷವೂ ನೋಡಿದಳು, ಕೇಳಲಿಲ್ಲ. ಅವಳೂ ಆ ಮನೆಯ ಮಗಳೇ. ಎಲೆಗಳಿಗೆ ತಮ್ಮ ಏನೋ ಔಷಧಿ ಕಲಸಿ ಹಚ್ಚುತ್ತಾನೆ, ಅದಕ್ಕೇ ಅವು ಕೆಡದೆ ಉಳಿದಿವೆ ಅಂತ ಅವಳು ತನ್ನಷ್ಟಕ್ಕೆ ತಿಳಿದುಕೊಂಡಳು.

ಅವನ ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಗವಿಸೊಪ್ಪು. ಜೇನಗುಡ್ಡದ ಗವಿಯ ಬಾಯಲ್ಲಿ, ನೀರು ಜಿನುಗುವ ಕಡೆ, ಮಳೆಗಾಲ ಮುಗಿಯುವಾಗ ನಾಲ್ಕು ದಿನ ಕಾಣಿಸಿಕೊಳ್ಳುವ ಗಿಡ. ಮಕ್ಕಳಿಗೆ ಜ್ವರ ತಲೆಗೇರಿದರೆ ಫಕೀರವ್ವ ಕೊಡುತ್ತಿದ್ದದ್ದು ಅದನ್ನೇ. ತಾಯಿ ಹೊಳೆವ್ವನಿಗೆ ಹೆಸರು ಹೇಳದೆ, ಬರೀ ಕಣ್ಣಿಗೆ ತೋರಿಸಿ ಕಲಿಸಿದ್ದು ಇದೊಂದೇ. ಪಂಡಿತರು ನೋಡಿ, ಈ ಗಿಡವನ್ನು ನಾವು ಇನ್ನೆಲ್ಲೂ ಕಂಡಿಲ್ಲ ಅಂದರಂತೆ. ಆಮೇಲೆ ಸಾಲಾಗಿ ಮಳೆ ಕೈಕೊಟ್ಟಿತು, ಗವಿಯ ನೀರು ಬತ್ತಿತು, ಗಿಡ ಮತ್ತೆ ಹುಟ್ಟಲಿಲ್ಲ. ಉಳಿದದ್ದು ಅವನ ಕಪಾಟಿನ ಒಂದು ಹಾಳೆ. ಬೇರು, ದಂಟು, ಎಲೆ, ಹೂವು ಎಲ್ಲ ಇದ್ದ ಒಂದೇ ಹಾಳೆ. ಅದಕ್ಕೆ ಹುಳ ಬಿದ್ದರೆ ಏನು ಗತಿ ಅಂತ ಅಡಿವೆಪ್ಪ ಉಳಿದ ಹಾಳೆಗಳಿಗೆ ಒಂದು ಸಲ ಬಳಿದರೆ ಅದಕ್ಕೆ ಮತ್ತೆ ಮತ್ತೆ ಬಳಿಯುತ್ತಿದ್ದ. ಪ್ರೀತಿಯಿಂದ ಬಳಿಯುತ್ತಿದ್ದ ಅಂತಲೇ ಹೇಳಬೇಕು.

ಒಂದು ಬೇಸಿಗೆ. ಬೇಸಿಗೆಯಲ್ಲಿ ಮಾತ್ರ ಹೂ ಬಿಡುವ ಒಂದು ಮರ ಗುಡ್ಡದ ಆಚೆ ಮಗ್ಗಲಿಗಿತ್ತು. ಅದರ ಹೂವಿಗಾಗಿ ಅಡಿವೆಪ್ಪ ಹೋಗಿದ್ದ. ಹೂವು ಸಿಕ್ಕಿತು. ತಗಡಿನ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟುಕೊಂಡು, ಅಕ್ಕನಿಗೆ ತೋರಿಸುವ ಖುಷಿಯಲ್ಲಿ, ಮಧ್ಯಾಹ್ನದ ಹೊತ್ತಿಗೆ ಊರಿಗೆ ಬಂದ. ಪಡಸಾಲೆಗೆ ಕಾಲಿಟ್ಟರೆ ಕಪಾಟಿನ ಬಾಗಿಲು ತೆರೆದಿತ್ತು. ಕೆಳಗೆ ಒಂದು ಹಾಳೆ ಬಿದ್ದಿತ್ತು. ಹಾಳೆಯಲ್ಲಿ ಗಿಡ ಇರಲಿಲ್ಲ. ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ, ದಾರದ ಚೂರುಗಳನ್ನು ಒಂದು ಕಡೆ ಅಚ್ಚುಕಟ್ಟಾಗಿ ಗುಡ್ಡೆ ಮಾಡಿತ್ತು. ಗಿಡ ಮಲಗಿದ್ದ ಜಾಗದಲ್ಲಿ ಅದರ ಕಂದು ಅಚ್ಚು ಮಾತ್ರ ಉಳಿದಿತ್ತು. ಆ ಅಚ್ಚು ನೋಡಿಯೇ ಅವನಿಗೆ ಯಾವ ಗಿಡ ಅಂತ ತಿಳಿಯಿತು. ಅಡುಗೆ ಮನೆಯಿಂದ ಕಷಾಯ ಕುದಿದ ವಾಸನೆ ಬರುತ್ತಿತ್ತು. ಪೆಟ್ಟಿಗೆ ಕೈಯಿಂದ ಜಾರಿ ಬಿತ್ತು.

ಒಳಗೆ ಓಡಿದರೆ, ಪಕ್ಕದ ಮನೆಯ ರುದ್ರವ್ವ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಚಿನ್ನವ್ವ ಅಂತ ಆ ಹುಡುಗಿ, ಇನ್ನೂ ಹಾಲುಹಲ್ಲು ಬೀಳದ ಕೂಸು. ಮೈ ಕೆಂಡವಾಗಿ ಕಣ್ಣು ಮೇಲಾಗಿತ್ತು. ಒಲೆಯ ಮಗ್ಗುಲಿಗೆ ಬಟ್ಟಲಲ್ಲಿ ಕಷಾಯ ಆರುತ್ತಿತ್ತು. ಹೊಳೆವ್ವ ಗೋಡೆಗೆ ಒರಗಿ, ಹೊಸ್ತಿಲ ಬಿಸಿಲನ್ನು ನೋಡುತ್ತ ಕೂತಿದ್ದಳು. ಅಡಿವೆಪ್ಪ ಬಟ್ಟಲನ್ನು ಎತ್ತಿ ಹಿತ್ತಲಿಗೆ ಎಸೆದ. ರುದ್ರವ್ವ ಚೀರಿದಳು. ತಮ್ಮನ ಮುಖ ನೋಡಿ ಹೊಳೆವ್ವನಿಗೆ ಬೇಜಾರಾಯಿತು.

'ಒಂದ ಎಲಿ ಸಲವಾಗಿ ಇಷ್ಟ ಸಿಟ್ಟೇನೋ ತಮ್ಮಾ?' ಅಂದಳು. 'ಕೂಸಿನ ಜೀವಾ ಹೊಂಟಿತ್ತು. ಗುಡ್ಡದಾಗ ಏನೂ ಇಲ್ಲ. ಅವ್ವ ಇದನ್ನ ಕೊಡತಿದ್ಲು, ನನಗ ನೆನಪೈತಿ. ಮಳಿ ಚಲೋ ಆದ್ರ ಗವಿ ಬಾಯಾಗ ಮತ್ತ ಹುಟ್ಟೀತು, ಆಗ ಇನ್ನೊಂದು ತರೂವಂತಿ.'

'ನೀ ಕುಡದೇನು?' ಅಂದ ಅವನು.

'ಕುಡೀದ ಕೊಡತಾರೇನು?' ಅಂದಳು ಅವಳು.

 ರುದ್ರವ್ವ ಅಡಿವೆಪ್ಪನ ಮುಖ ನೋಡಿ, ಸಿಟ್ಟಲ್ಲ ಇದು, ಬೇರೆ ಏನೋ ಅಂತ ಅರಿತು, ಕೂಸನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. ಆಮೇಲೆ ಅವಳೇ ಬಿಕ್ಕುತ್ತ ಹೇಳಿದಳಂತೆ, ಹೊಳೆವ್ವಕ್ಕ ಮೊದಲು ಒಲ್ಲೆ ಅಂದಳು, ನಾನು ಔಷಧಿ ಕೊಡುವವಳಲ್ಲ ಅಂದಳು, ನಾನೇ ಕೂಸನ್ನು ಅವಳ ಉಡಿಗೆ ಹಾಕಿದೆ ಅಂತ. ಹಳೆಯ ಎಲೆ, ಗುಣ ಕಡಿಮೆಯಾಗಿರುತ್ತದೆ ಅಂತ ಹೊಳೆವ್ವ ಬೇರು ದಂಟು ಬಿಡದೆ ಇಡೀ ಗಿಡ ಹಾಕಿ ಗಟ್ಟಿಯಾಗಿ ಕುದಿಸಿದ್ದಳು. ತನ್ನ ಪಾಲು ಅರ್ಧ ಬಟ್ಟಲು ಕುಡಿದಿದ್ದಳು. ನಾಲಿಗೆಗೆ ಹಳೆ ತಾಮ್ರ ನೆಕ್ಕಿದ ರುಚಿ ಹತ್ತಿತ್ತಂತೆ, ಅವ್ವನ ಔಷಧಿ ಹೀಗೇ ಇರುತ್ತಿತ್ತೇನೋ ಅಂದುಕೊಂಡಳಂತೆ.

ಅಷ್ಟರಲ್ಲಿ ಅವಳಿಗೆ ಗಂಟಲು ಉರಿಯತೊಡಗಿತು. ಅಡಿವೆಪ್ಪ ಬೀದಿಗೆ ಬಿದ್ದ. ಹಾಲು ತರ್ರಿ, ತತ್ತಿ ತರ್ರಿ ಅಂತ ಮನೆ ಮನೆಯ ಮುಂದೆ ಅರಚಿದ. ಆ ವಿಷಕ್ಕೆ ಹಾಲು ಮತ್ತು ಕೋಳಿ ತತ್ತಿಯ ಬಿಳಿ ಮಾತ್ರ ಸ್ವಲ್ಪ ಅಡ್ಡ ನಿಲ್ಲುತ್ತವೆ ಅಂತ ಪಟ್ಟಣದಲ್ಲಿ ಕಲಿತಿದ್ದ. ಬಟ್ಟಲ ಮನೆಯಲ್ಲಿ ತತ್ತಿ ಮುಟ್ಟಿದವರಿಲ್ಲ. ಅಡಿವೆಪ್ಪನಿಗೆ ತಲೆ ಕೆಟ್ಟಿತು ಅಂತ ಜನ ನಿಂತಲ್ಲೇ ನಿಂತರು. ಕೋಳಿ ಸಾಕಿದ ಕೆಳಗಿನ ಓಣಿಯ ಹೆಂಗಸರು ಮಾತ್ರ ಸೆರಗಿನಲ್ಲಿ ತತ್ತಿ ಕಟ್ಟಿಕೊಂಡು ಓಡಿ ಬಂದರು. ಅವನು ಒಡೆದು ಒಡೆದು ಬಿಳಿಯನ್ನು ಅಕ್ಕನಿಗೆ ಕುಡಿಸಿದ, ಕಕ್ಕಿಸಿದ, ಮತ್ತೆ ಕುಡಿಸಿದ. ಹೊಳೆವ್ವ ಜನ್ಮದಲ್ಲಿ ಮುಟ್ಟದ್ದನ್ನು, ಇದೇನು ಅಂತ ಕೇಳದೆ, ತಮ್ಮ ಕೊಟ್ಟ ಅಂತ ಕುಡಿದಳು. 

ಕೂಸಿನ ಜ್ವರ ಏನಾಯಿತು ಅಂತೀರಿ. ಅದಕ್ಕೆ ಯಾರೂ ಏನೂ ಕೊಡಲಿಲ್ಲ. ರುದ್ರವ್ವ ಹಣೆಗೆ ಒದ್ದೆ ಬಟ್ಟೆ ಹಾಕಿ ಹಾಕಿ ಕೂತಳು, ಜ್ವರ ತಾನಾಗಿ ಇಳಿಯಿತು. ಬೆಳಿಗ್ಗೆ ಕೂಸು ಎದ್ದು ರೊಟ್ಟಿ ಕೇಳಿತಂತೆ. 

ಹೊಳೆವ್ವ ಕೂಡಲೇ ಸಾಯಲಿಲ್ಲ. ತತ್ತಿ ಹಾಲಿನಿಂದ ಜೀವ ಉಳಿಯಿತು, ಆದರೆ ಒಳಗೆಲ್ಲ ಸುಟ್ಟಿತ್ತು. ಮೂತ್ರ ಕಟ್ಟಿತು, ಮುಖ ಬಾತಿತು. ಅಡಿವೆಪ್ಪ ಹಾಸಿಗೆಯ ಮಗ್ಗುಲು ಬಿಡಲಿಲ್ಲ. ಏನಾಯಿತು ಅಂತ ಅವಳು ಕೇಳಲಿಲ್ಲ, ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೀಗೇ ದಿನಗಳು ಹೋದವು. ಒಂದು ಸಂಜೆ ಅವಳು ತಾನಾಗಿ ಅವನ ಕೈ ಹಿಡಿದಳಂತೆ. ಆ ಮನೆ ಕಟ್ಟಿದ ಲಾಗಾಯ್ತಿನಿಂದ ಯಾರೂ ಕೇಳದ ಮಾತನ್ನು ಕೇಳಿದಳು.

'ಬಟ್ಟಲದಾಗ ಏನಿತ್ತೋ?'

ಅವನು ಹೇಳಿದ. ಬಿಳಿ ಪುಡಿ ಅಂದ, ಪಾದರಸದ್ದು ಅಂದ, ಹುಳ ಬೀಳಬಾರದಂತ ಎಲೆಗಳಿಗೆಲ್ಲ ಬಳಿದೀನಿ ಅಂದ, ಆ ಗವಿಸೊಪ್ಪಿನ ಹಾಳೆಗೆ ಎಲ್ಲಕ್ಕಿಂತ ಹೆಚ್ಚು ಬಳಿದೀನಿ ಅಂದ. 

'ಇಷ್ಟಽ ಅಲ್ಲೇನು' ಅಂದಳು. 'ಇಷ್ಟ ಮೊದಲ ಹೇಳಬಾರದಾಗಿತ್ತೇನೋ?'

'ನೀ ಕೇಳಲಿಲ್ಲಕ್ಕ.'

'ಕೇಳಬಾರದಂತ ಅವ್ವ ಹೇಳಿದ್ಲಲ್ಲೋ.'

 ಆ ವಾರವೇ ಹೋದಳು. ತಾಯಿ ಹೇಳಲಾಗದೆ ಸತ್ತಳು, ಅಕ್ಕ ಮೊದಲೇ ಕೇಳದೆ ಸತ್ತಳು, ಎರಡನ್ನೂ ನಾನು ಪಕ್ಕದಲ್ಲೇ ಕೂತು ನೋಡಿದೆ ಅಂತ ಅಡಿವೆಪ್ಪ ಮಣ್ಣು ಹಾಕುವಾಗ ಅಂದನಂತೆ.

ಮಣ್ಣು ಮಾಡಿ ಬಂದ ಜನ ಮನೆಗೆ ಹೋಗಲಿಲ್ಲ, ನೇರ ಬಟ್ಟಲ ಮನೆಯ ಮುಂದೆ ಬಂದು ನಿಂತರು. ಆ ಕಪಾಟು ಸುಡಬೇಕು ಅಂದರು. ಗೌಡರು ಮುಂದೆ ನಿಂತಿದ್ದರು. ಯಾರೋ ಕಟ್ಟಿಗೆ ತಂದಿದ್ದರು, ಯಾರೋ ಎಣ್ಣೆ ತಂದಿದ್ದರು. ಅಡಿವೆಪ್ಪ ಅಡ್ಡ ಬರುತ್ತಾನೆ ಅಂತ ನಾಲ್ಕು ಗಟ್ಟಿ ಆಳುಗಳೂ ಬಂದಿದ್ದರು. ಅವನು ಅಡ್ಡ ಬರಲಿಲ್ಲ. ಬಾಗಿಲಿಗೆ ಬಂದು ನಿಂತು, ಸಂತೆಯಲ್ಲಿ ಎಲೆಯ ಹೆಸರು ಕೂಗುತ್ತಿದ್ದ ಅದೇ ದನಿಯಲ್ಲಿ ವಿಷದ ಹೆಸರು ಕೂಗಿ ಹೇಳಿದ.

'ಸುಡತೇವಿ ಅಂದ್ರ ಸುಡಬಹುದು, ಆದರ ಹೊಗಿ ಕುಡದವ್ರು ಸಾಯತಾರ. ಹುಗದ್ರ ಬಾವಿಗೆ ಇಳೀತೈತಿ. ಕೆರಿಗೆ ಹಾಕಿದ್ರ ಮೀನಾ ಸಾಯತಾವು, ದನಾ ಸಾಯತಾವು. ನಾ ಮಾಡಿದ್ದು ಹಿಂಗೈತ್ರಿ. ಹೇಳಿಬಿಟ್ಟೇನಿ.'

ಗೌಡರ ಕೈಯ ಕೊಳ್ಳಿ ಕೆಳಗಿಳಿಯಿತು.  ಸುಡಲು ಬರುವುದಿಲ್ಲ, ಹೂಳಲು ಬರುವುದಿಲ್ಲ, ಬಿಸಾಕಲು ಬರುವುದಿಲ್ಲ. ಇಷ್ಟು ವರ್ಷ ಇದರ ಪಕ್ಕದಲ್ಲೇ ಉಂಡು ಮಲಗಿದೆವಲ್ಲ ಅಂತ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಟ್ಟಿಗೆ ಅಲ್ಲೇ ಬಿದ್ದಿತ್ತು, ಮಳೆಗಾಲದಲ್ಲಿ ಗೆದ್ದಲು ತಿಂದವು.

ಅಡಿವೆಪ್ಪ ಆ ಕಪಾಟಿಗೆ ಕಾವಲಾದ. ಓದಲು ಬಾರದವರಿಗೂ ತಿಳಿಯಲಿ ಅಂತ ಪ್ರತಿ ಹಾಳೆಯ ಮೂಲೆಗೂ ಕೆಂಪು ದಾರದ ಗಂಟು ಹೊಲಿದ. ಅವನಿಗೆ ಹೊಲಿಗೆ ಬರುತ್ತಿರಲಿಲ್ಲ. ಅಕ್ಕನ ಹೊಲಿಗೆ ಎಷ್ಟು ಸಣ್ಣದೋ ಅವನದು ಅಷ್ಟೇ ಸೊಟ್ಟ, ಬೆರಳಿಗೆ ಚುಚ್ಚಿಕೊಂಡ ರಕ್ತದ ಕಲೆ ಬೇರೆ. ಗಿಡ ಕೂಡಿಸುವುದನ್ನು ಬಿಟ್ಟನೇ ಅಂದರೆ ಬಿಡಲಿಲ್ಲ. ಆದರೆ ವಿಷ ಮುಟ್ಟಲಿಲ್ಲ. ಹೊಸ ಹಾಳೆಗಳಿಗೆ ಹುಳ ಬಿದ್ದವು, ತಿಂದವು. ತಿಂದದ್ದನ್ನು ಮರುವರ್ಷ ಮತ್ತೆ ಗುಡ್ಡ ಹತ್ತಿ ತಂದ. ಅದನ್ನೂ ತಿಂದವು, ಮತ್ತೆ ಹತ್ತಿದ. ಪಂಡಿತರು ಬಂದು, ಇದೇನು ಹುಚ್ಚು ಅಂದರೆ, ಹುಳಾ ತಿಂದ್ರ ತಿನ್ಲಿ, ಗುಡ್ಡ ಐತಿ ಅನ್ನುತ್ತಿದ್ದನಂತೆ. ಮುದುಕನಾಗಿ ಕೋಲು ಹಿಡಿದ ಮೇಲೂ ಹತ್ತುತ್ತಿದ್ದ. ಗವಿಯ ಬಾಯಿಗೆ ಪ್ರತಿ ವರ್ಷ ಹೋಗಿ ನೋಡುತ್ತಿದ್ದ. ಗವಿಸೊಪ್ಪು ಮತ್ತೆ ಹುಟ್ಟಿತು ಅಂತ ಕೆಲವರು ಅಂತಾರೆ, ಇಲ್ಲ ಅಂತ ಕೆಲವರು. ಅವನು ಸತ್ತ ಮೇಲೆ ಕಪಾಟಿನ ಹಾಳೆಗಳನ್ನು ಪಟ್ಟಣದವರು ಬಂದು ಗಾಜಿನ ಪೆಟ್ಟಿಗೆಯಲ್ಲಿ ಒಯ್ದರು ಅಂತ ಒಂದು ಮಾತಿದೆ. ಗವಿಯೊಳಗಿಟ್ಟು ಕಲ್ಲು ಮುಚ್ಚಿದರು ಅಂತ ಇನ್ನೊಂದು ಮಾತಿದೆ. ಮುಚ್ಚಿದ ಕಲ್ಲನ್ನು ಸರಿಸಿ ನೋಡುವಷ್ಟು ಗಂಡೆದೆಯವರು ಅತ್ತಿಹಾಳದಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನು ಚಿನ್ನವ್ವನ ಕತೆ ಹೇಳುವುದು ಉಳಿಯಿತು. ಜ್ವರ ಬಿಟ್ಟೆದ್ದ ಆ ಕೂಸು ಅಡುಗೆ ಮನೆಯಲ್ಲಿ ಎಷ್ಟು ನೋಡಿತ್ತೋ, ಎಷ್ಟು ಕೇಳಿತ್ತೋ ಗೊತ್ತಿಲ್ಲ. ಆವತ್ತಿನಿಂದ ತಾಯಿ ಬಟ್ಟಲಲ್ಲಿ ಏನು ಕೊಟ್ಟರೂ ಬಾಯಿಗೆ ಇಡಲಿಲ್ಲ. ಹಾಲು ಕೊಟ್ಟರೆ ಬಟ್ಟಲು ಹಿಡಿದುಕೊಂಡು ತಾಯಿಯ ಮುಖ ನೋಡುತ್ತಿತ್ತು. ರುದ್ರವ್ವ ಬೈದಳು, ಅತ್ತಳು, ಮುದ್ದು ಮಾಡಿದಳು, ಕೂಸು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಂದು ದಿನ ಸಾಕಾಗಿ, 'ಹಾಲ ಐತಿ ನನ್ನವ್ವಾ, ಆಕಳ ಹಾಲು, ಬೆಲ್ಲಾ ಹಾಕೇನಿ, ಮತ್ತೇನೂ ಇಲ್ಲ' ಅಂದಳು. ಕೂಸು ಗಟಗಟ ಕುಡಿಯಿತು. ಆಗ ರುದ್ರವ್ವನಿಗೆ ತಿಳಿಯಿತು. ಅಂದಿನಿಂದ ಹೇಳಿಯೇ ಕೊಟ್ಟಳು. ಅವಳು ಹೇಳುವುದನ್ನು ಕೇಳಿ ಉಳಿದ ಮನೆಗಳ ಮಕ್ಕಳೂ ಕೇಳಿದವು, ಉಳಿದ ತಾಯಂದಿರೂ ಹೇಳಿದರು. ಔಷಧಿ ಕೊಡುವ ಮನೆಗಳವರು ಕೈಯ ಗುಣ ಹೋಗುತ್ತದೆ ಅಂತ ಮೊದಮೊದಲು ಹಿಂದೇಟು ಹಾಕಿದರು. ಹೇಳದಿದ್ದರೆ ಯಾರೂ ಕುಡಿಯುವುದಿಲ್ಲ ಅಂದ ಮೇಲೆ ಅವರೂ ಹೇಳತೊಡಗಿದರು.

ಇವತ್ತಿಗೂ ಅತ್ತಿಹಾಳಕ್ಕೆ ಹೋಗಿ ನೋಡಿ. ನಿಮಗೆ ಚಹಾ ಕೊಟ್ಟರೂ, ಇದು ಚಹಾ, ಸಕ್ಕರೆ ಹಾಕಿದೆ, ಶುಂಠಿ ಹಾಕಿದೆ ಅಂತ ಹೇಳಿ ಕೊಡುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು ಇದನ್ನು ಕಂಡು ಮುಸಿಮುಸಿ ನಗುತ್ತಾರೆ. ಮಕ್ಕಳಾಗುವ ಹೊತ್ತಿಗೆ ಅವರಿಗೂ ರೂಢಿಯಾಗಿರುತ್ತದೆ. ಆ ಊರಿನ ಮಕ್ಕಳಿಗೆ ಅಡಿವೆಪ್ಪ ಯಾರು, ಹೊಳೆವ್ವ ಯಾರು ಅಂತ ಗೊತ್ತಿಲ್ಲ. ಆದರೆ ಬಟ್ಟಲಲ್ಲಿ ಏನಿದೆ ಅಂತ ಹೇಳದೆ ಕೊಟ್ಟು ನೋಡಿ. ಎಂಥ ಹಸಿವಿರಲಿ, ಎಂಥ ಬಾಯಾರಿಕೆ ಇರಲಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಮ್ಮ ಬಾಯಿ ನೋಡುತ್ತ ನಿಂತಿರುತ್ತವೆ.